ಮುಟ್ಟಿನ ನೋವು, ಹಾರ್ಮೋನ್ ಏರುಪೇರು: ದೊಡ್ಡಾಸ್ಪತ್ರೆಗೆ ಹೋಗುವ ಪ್ರಯಾಣ ವ್ಯರ್ಥವಾಗದಿರಲು

ಸಕಲೇಶಪುರದ ಆಚೆಯ ಎಸ್ಟೇಟಿನಿಂದಲೋ ಕೊಪ್ಪದ ಕಡೆಯಿಂದಲೋ ಬೆಳಗಿನ ಮೊದಲ ಬಸ್ಸು ಹಿಡಿದು ಮುಟ್ಟಿನ ನೋವು ತಾಳಲಾರದ ಹೆಂಗಸರು ದೊಡ್ಡಾಸ್ಪತ್ರೆಗೆ ಬರುತ್ತಾರೆ. ಚೀಟಿ ಮಾಡಿಸಿ ಸರದಿಯಲ್ಲಿ ಕೂರುತ್ತಾರೆ. ಡಾಕ್ಟರ ಮುಂದೆ ಸಿಗುವುದು ಐದು ನಿಮಿಷ. "ಸ್ಕ್ಯಾನ್ ನಾರ್ಮಲ್ ಇದೆ, ನೋವು ಬಂದಾಗ ಮಾತ್ರೆ ತಗೊಳ್ಳಿ" ಎಂಬ ಮಾತು ಕೇಳಿಸಿಕೊಂಡು ಕತ್ತಲಾಗುವ ಹೊತ್ತಿಗೆ ಊರು ಸೇರುತ್ತಾರೆ. ಒಂದು ದಿನದ ಕೂಲಿ ಹೋಯಿತು, ನೋವು ಮಾತ್ರ ಹಾಗೇ ಉಳಿಯಿತು.

ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಹತ್ತರಲ್ಲೊಬ್ಬರಿಗೆ ತೀವ್ರ ಮುಟ್ಟಿನ ನೋವು ತರಬಲ್ಲ ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆ ಇದೆ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನೋವು ಶುರುವಾದ ಮೇಲೆ ಕಾಯಿಲೆ ಇದೇ ಎಂದು ಗೊತ್ತಾಗಲು ಸಾಮಾನ್ಯವಾಗಿ 4ರಿಂದ 12 ವರ್ಷ ಹಿಡಿಯುತ್ತದೆ. ಈ ವರ್ಷಗಳಲ್ಲಿ ಬಹುಪಾಲು ಕಳೆದುಹೋಗುವುದು ಸರಿಯಾದ ದಿನ ಸರಿಯಾದ ಪರೀಕ್ಷೆ ಆಗದೆ, ಹೇಳಬೇಕಾದ್ದನ್ನು ಹೇಳದೆ, ಕೇಳಬೇಕಾದವರು ಕೇಳದೆ. ಮನೆಯಲ್ಲೇ ಮಾಡಿಕೊಳ್ಳಬಹುದಾದ ತಯಾರಿಯಿಂದ ಈ ನಷ್ಟವನ್ನು ತುಂಬಾ ಕಡಿಮೆ ಮಾಡಬಹುದು.

ಮೊದಲು ನಿಮ್ಮ ತೊಂದರೆ ಯಾವ ಕಡೆಯದು ಎಂದು ನೋಡಿಕೊಳ್ಳಿ

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ, ಅಂದರೆ ಅಂಡಾಶಯದ ಮೇಲೆ, ಕಿಬ್ಬೊಟ್ಟೆಯ ಒಳಪೊರೆಯಲ್ಲಿ, ಕರುಳಿನ ಅಥವಾ ಮೂತ್ರಚೀಲದ ಮೇಲೆ ಬೆಳೆಯುವುದೇ ಎಂಡೊಮೆಟ್ರಿಯೋಸಿಸ್. ಈಸ್ಟ್ರೋಜನ್ ಹಾರ್ಮೋನ್ ಅದನ್ನು ಬೆಳೆಸುತ್ತದೆ. ಅಲ್ಲಿ ಉರಿಯೂತ ಆಗಿ, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಡಾಶಯದೊಳಗೆ ಹಳೆಯ ರಕ್ತ ಸೇರಿ ಕಂದುಬಣ್ಣದ ಗುಳ್ಳೆಯಾದರೆ ಅದೇ ಚಾಕೊಲೇಟ್ ಸಿಸ್ಟ್.

ಇದರ ಮುಖ್ಯ ಗುರುತು ನೋವು. ಶಾಲೆ, ಕೆಲಸ, ಅಡುಗೆ ಬಿಟ್ಟು ಮಲಗುವಂತೆ ಮಾಡುವ ಮುಟ್ಟಿನ ನೋವು. ಮುಟ್ಟಿನ ದಿನಗಳಲ್ಲಿ ಮಲ ಅಥವಾ ಮೂತ್ರ ಮಾಡುವಾಗ ನೋವು. ಗಂಡ ಹೆಂಡತಿ ಸೇರಿದಾಗ ಒಳಗೆ ಆಳದಲ್ಲಿ ನೋವು. ಮುಟ್ಟು ಇಲ್ಲದಾಗಲೂ ಸೊಂಟ ಮತ್ತು ಕಿಬ್ಬೊಟ್ಟೆಯಲ್ಲಿ ಬಿಡದ ನೋವು. ಸಿಸೇರಿಯನ್ ಹೊಲಿಗೆಯ ಜಾಗದಲ್ಲಿ ಪ್ರತಿ ತಿಂಗಳು ಊದಿ ನೋಯುವ ಗಂಟು ಕೂಡ ಇದೇ ಆಗಿರಬಹುದು. "ಮದುವೆ ಆದ್ರೆ ಸರಿಹೋಗುತ್ತೆ, ಒಂದು ಮಗು ಆದ್ರೆ ಸರಿಹೋಗುತ್ತೆ" ಎನ್ನುವ ಮನೆಮಾತು ಇಲ್ಲಿ ನಿಜವಲ್ಲ. ಬಸುರಿಯಾಗಿರುವಾಗ ನೋವು ತಗ್ಗಬಹುದು, ಕಾಯಿಲೆ ಹೋಗುವುದಿಲ್ಲ.

ಹಾರ್ಮೋನ್ ತೊಂದರೆಯ ಗುರುತು ಬೇರೆ. ಮುಟ್ಟು 35 ದಿನಕ್ಕಿಂತ ತಡವಾಗುವುದು ಅಥವಾ ವರ್ಷಕ್ಕೆ 8ಕ್ಕಿಂತ ಕಡಿಮೆ ಸಲ ಆಗುವುದು, ಗದ್ದ ಮತ್ತು ಹೊಟ್ಟೆಯ ಮೇಲೆ ದಪ್ಪ ಕೂದಲು, ಕುತ್ತಿಗೆಯ ಹಿಂದೆ ಕಪ್ಪು ಪಟ್ಟಿ, ಬಸುರಿ ಬಾಣಂತಿ ಅಲ್ಲದಿದ್ದರೂ ಮೊಲೆಯಿಂದ ಹಾಲು, ಕಾರಣವಿಲ್ಲದೆ ತೂಕ ಏರುವುದು, ವಿಪರೀತ ಸುಸ್ತು. ಅಂಡ ಸರಿಯಾಗಿ ಬಿಡುಗಡೆಯಾಗದೆ ಗಂಡು ಹಾರ್ಮೋನ್ ಏರುವ ಪಿಸಿಒಎಸ್, ಥೈರಾಯ್ಡ್ ಗ್ರಂಥಿಯ ಏರುಪೇರು, ಹಾಲು ಬರಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಹೆಚ್ಚುವುದು, ಇವು ಮೂರು ಈ ಗುಂಪಿನಲ್ಲಿ ಹೆಚ್ಚು ಕಾಣುವಂಥವು. ಎರಡೂ ಬಗೆಯ ತೊಂದರೆ ಒಬ್ಬರಿಗೇ ಇರಬಹುದು. ಪಿಸಿಒಎಸ್ ಎಂದು ಚೀಟಿಯಲ್ಲಿ ಬರೆದಿದೆ ಎಂದು ತೀವ್ರ ನೋವನ್ನು ಅದರ ತಲೆಗೆ ಕಟ್ಟಬೇಡಿ. ಪಿಸಿಒಎಸ್ ಅಂಥ ನೋವು ಕೊಡುವುದಿಲ್ಲ. ನೋವಿಗೆ ಬೇರೆ ಕಾರಣ ಹುಡುಕಬೇಕು.

ಕ್ಯಾಲೆಂಡರಿನಲ್ಲಿ ಎರಡು ಮೂರು ತಿಂಗಳ ಲೆಕ್ಕ

ಆಸ್ಪತ್ರೆಗೆ ಒಯ್ಯಬೇಕಾದ ಕಾಗದಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕು, ಮೊಬೈಲ್ ಆ್ಯಪ್ ಬೇಕೇಬೇಕೆಂದಿಲ್ಲ. ರಕ್ತ ಸರಿಯಾಗಿ ಹರಿಯಲು ಶುರುವಾದ ದಿನವನ್ನು 1 ಎಂದು ಗುರುತು ಮಾಡಿ. ಹಿಂದಿನ ದಿನದ ಕಲೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ದಿನಕ್ಕೊಂದು ನೋವಿನ ಅಂಕ ಬರೆಯಿರಿ: ನೋವೇ ಇಲ್ಲದಿದ್ದರೆ 0, ತಡೆಯಲಾರದ್ದಾದರೆ 10. ಪಕ್ಕದಲ್ಲಿ ಎಷ್ಟು ಪ್ಯಾಡ್, ಯಾವ ಮಾತ್ರೆ ಎಷ್ಟು ನುಂಗಿದಿರಿ, ಅದರಿಂದ ನೋವು ಎಷ್ಟಕ್ಕೆ ಇಳಿಯಿತು, ಕೆಲಸಕ್ಕೆ ಹೋಗಲಾಯಿತೇ ಇಲ್ಲವೇ ಎಂದು ಒಂದೊಂದು ಪದ. ಮಲ ಮಾಡುವಾಗ ನೋವಿದ್ದರೆ "ಮ", ಮೂತ್ರಕ್ಕೆ "ಮೂ", ಸೇರಿದಾಗಿನ ನೋವಿಗೆ "ಸೇ" ಎಂದು ಗುರುತು ಹಾಕಿದರೂ ಆಯಿತು. ಬಾಯಿಬಿಟ್ಟು ಹೇಳಲು ಸಂಕೋಚವಾದರೆ ಆ ಹಾಳೆಯನ್ನೇ ಡಾಕ್ಟರ ಮುಂದಿಡಿ.

ಒಂದೆರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾದರೆ, ದೊಡ್ಡ ಗಡ್ಡೆಗಳು ಬಿದ್ದರೆ, 7 ದಿನ ದಾಟಿದರೆ ಅದು ಅತಿ ರಕ್ತಸ್ರಾವ. ಹಿಮೋಗ್ಲೋಬಿನ್ ಪರೀಕ್ಷೆಯನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾಡಿಸಿಕೊಂಡು ಹೊರಡಿ.

ಹಾಳೆಯ ಮೇಲ್ಭಾಗದಲ್ಲಿ ಒಂದು ಸಾಲು ಎದ್ದು ಕಾಣುವಂತಿರಲಿ: ಈಗ ಮಗು ಬೇಕು, ಅಥವಾ ಸದ್ಯಕ್ಕೆ ಬೇಡ. ಎಂಡೊಮೆಟ್ರಿಯೋಸಿಸ್‌ಗೆ ಕೊಡುವ ಹಾರ್ಮೋನ್ ಮಾತ್ರೆಗಳು ಅಂಡ ಬಿಡುಗಡೆಯನ್ನು ತಡೆಯುತ್ತವೆ. ಮಗುವಿಗಾಗಿ ಕಾಯುತ್ತಿರುವವರು ಅದನ್ನು ತಿಂಗಳುಗಟ್ಟಲೆ ನುಂಗಿದರೆ ಅಷ್ಟು ಕಾಲ ಹೋದ ಹಾಗೆಯೇ. 35 ವರ್ಷದೊಳಗಿನವರು ಒಂದು ವರ್ಷ, 35 ದಾಟಿದವರು 6 ತಿಂಗಳು ಪ್ರಯತ್ನಿಸಿಯೂ ಬಸಿರಾಗದಿದ್ದರೆ ಪರೀಕ್ಷೆ ಶುರುಮಾಡಬೇಕು. ಎಂಡೊಮೆಟ್ರಿಯೋಸಿಸ್ ಗೊತ್ತಾಗಿದ್ದರೆ ಅಷ್ಟೂ ಕಾಯಬೇಕಿಲ್ಲ.

ರಕ್ತ ಪರೀಕ್ಷೆ: ದಿನ ತಪ್ಪಿದರೆ ದುಡ್ಡೂ ತಪ್ಪಿತು

ಅತಿ ಹೆಚ್ಚು ಎಡವಟ್ಟು ಆಗುವ ಜಾಗ ಇದು. "ಹಾರ್ಮೋನ್ ಪ್ರೊಫೈಲ್" ಎಂದು ಒಂದೇ ಸಲ ಎಲ್ಲವನ್ನೂ ಯಾವುದೋ ದಿನ ಮಾಡಿಸಿದ ರಿಪೋರ್ಟಿನಲ್ಲಿ ಅರ್ಧಕ್ಕರ್ಧ ಅಂಕಿಗಳು ಪ್ರಯೋಜನಕ್ಕೆ ಬರುವುದಿಲ್ಲ. ಹೆಣ್ಣಿನ ಹಾರ್ಮೋನುಗಳು ದಿನದಿಂದ ದಿನಕ್ಕೆ ಏರಿಳಿಯುತ್ತವೆ.

ಅಂಡಾಶಯದ ಕೆಲಸಕ್ಕೆ ಸಂಬಂಧಿಸಿದ ಹಾರ್ಮೋನುಗಳಾದ ಎಫ್‌ಎಸ್‌ಎಚ್, ಎಲ್‌ಎಚ್, ಈಸ್ಟ್ರಡಿಯಾಲ್ ಪರೀಕ್ಷೆಗೆ ಮುಟ್ಟಿನ 2ರಿಂದ 5ನೇ ದಿನದೊಳಗೆ ರಕ್ತ ಕೊಡಬೇಕು. ಅಂಡ ಬಿಡುಗಡೆಯಾಗಿದೆಯೇ ಎಂದು ಹೇಳುವ ಪ್ರೊಜೆಸ್ಟರಾನ್ ಪರೀಕ್ಷೆಗೆ "21ನೇ ದಿನ" ಎಂದು ಬಾಯಿಪಾಠವಾಗಿ ಹೇಳುತ್ತಾರೆ. ಅದು 28 ದಿನದ ಚಕ್ರ ಇರುವವರಿಗೆ ಮಾತ್ರ ಸರಿ. ಮುಂದಿನ ಮುಟ್ಟಿಗೆ 7 ದಿನ ಮುಂಚೆ ಎನ್ನುವುದು ನಿಜವಾದ ಲೆಕ್ಕ. ನಿಮ್ಮದು 35 ದಿನದ ಚಕ್ರವಾದರೆ 28ನೇ ದಿನ ಕೊಡಿ. 21ನೇ ದಿನವೇ ಕೊಟ್ಟು, ಅಂಕಿ ಕಡಿಮೆ ಬಂದು, "ಅಂಡ ಬಿಡುಗಡೆ ಆಗ್ತಿಲ್ಲ" ಎಂದು ಅನವಶ್ಯಕವಾಗಿ ಮಾತ್ರೆ ನುಂಗುವುದು ಈ ತಪ್ಪಿನ ಫಲ. ಥೈರಾಯ್ಡ್ ಕಡಿಮೆಯಾದಾಗ ಏರುವ ಟಿಎಸ್‌ಎಚ್ ಮತ್ತು ಅಂಡಾಶಯದಲ್ಲಿ ಉಳಿದ ಅಂಡಗಳ ಅಂದಾಜು ಕೊಡುವ ಎಎಂಎಚ್ ಯಾವ ದಿನವಾದರೂ ಸರಿ.

ಪ್ರೊಲ್ಯಾಕ್ಟಿನ್ ನಿದ್ದೆಯಲ್ಲಿ ಏರಿರುತ್ತದೆ, ಗಾಬರಿಯಲ್ಲೂ ಏರುತ್ತದೆ. ಎದ್ದು ಎರಡು ಮೂರು ಗಂಟೆ ಕಳೆದ ಮೇಲೆ, ಲ್ಯಾಬಿನಲ್ಲಿ ಅರ್ಧ ಗಂಟೆ ಸುಮ್ಮನೆ ಕೂತು ಕೊಡಿ. ಬಸ್ ಇಳಿದು ಏದುಸಿರು ಬಿಡುತ್ತಾ ಓಡಿಬಂದು ಕೊಡಬೇಡಿ. ಗ್ಯಾಸ್ಟ್ರಿಕ್‌ಗೆಂದು ಮೆಡಿಕಲ್ ಶಾಪಿನಲ್ಲಿ ಕೊಡುವ ಎಷ್ಟೋ ಮಾತ್ರೆಗಳಲ್ಲಿ ಡೊಂಪೆರಿಡೋನ್ ಸೇರಿರುತ್ತದೆ. ಅದು ಪ್ರೊಲ್ಯಾಕ್ಟಿನ್ ಏರಿಸುತ್ತದೆ. ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳೂ ಹಾಗೆಯೇ. ಅವನ್ನು ತಾವಾಗಿ ನಿಲ್ಲಿಸಬಾರದು, ಡಾಕ್ಟರಿಗೆ ಹೇಳಬೇಕು. ಥೈರಾಯ್ಡ್ ತೀರಾ ಕಡಿಮೆಯಿದ್ದರೂ ಪ್ರೊಲ್ಯಾಕ್ಟಿನ್ ಏರುವುದರಿಂದ ಎರಡನ್ನೂ ಒಟ್ಟಿಗೆ ನೋಡುವುದೇ ಸರಿ. ಸ್ವಲ್ಪ ಹೆಚ್ಚಿದೆ ಎಂದು ತಲೆಯ ಎಂಆರ್‌ಐಗೆ ಓಡುವ ಮುಂಚೆ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿ. 200 ನ್ಯಾನೋಗ್ರಾಂ ದಾಟಿದ್ದರೆ, ಇಲ್ಲವೇ ತಲೆನೋವು, ದೃಷ್ಟಿ ಮಂಜು ಜೊತೆಗಿದ್ದರೆ ತಡ ಮಾಡಬಾರದು.

ಕೂದಲು ಉದುರುವುದಕ್ಕೆ ಬಯೋಟಿನ್ ಮಾತ್ರೆ ತಗೊಳ್ಳುತ್ತಿದ್ದರೆ ಪರೀಕ್ಷೆಗೆ ಕನಿಷ್ಠ 2ರಿಂದ 3 ದಿನ ಮೊದಲು ಬಿಡಿ. ಅದು ಥೈರಾಯ್ಡ್ ಮತ್ತು ಇತರ ಹಾರ್ಮೋನ್ ಪರೀಕ್ಷೆಯ ಅಂಕಿಗಳನ್ನು ಸುಳ್ಳಾಗಿಸುತ್ತದೆ. ಗರ್ಭನಿರೋಧಕ ಮಾತ್ರೆ ನುಂಗುತ್ತಿರುವಾಗ ಮಾಡಿಸಿದ ಟೆಸ್ಟೊಸ್ಟಿರಾನ್, ಅಂದರೆ ಗಂಡು ಹಾರ್ಮೋನಿನ ಪರೀಕ್ಷೆಗೂ ಬೆಲೆಯಿಲ್ಲ. ಮಾತ್ರೆ ಬಿಟ್ಟು 3 ತಿಂಗಳಾಗಿರಬೇಕು. ಬಿಡುವುದನ್ನು ಮಾತ್ರ ಡಾಕ್ಟರ ಹತ್ತಿರ ಮಾತಾಡಿ, ಬೇರೆ ಗರ್ಭನಿರೋಧಕದ ವ್ಯವಸ್ಥೆ ಮಾಡಿಕೊಂಡು ಮಾಡಿ.

ಪಿಸಿಒಎಸ್ ಅನುಮಾನವಿದ್ದರೆ ಸಕ್ಕರೆ ಪರೀಕ್ಷೆಯನ್ನು ಗ್ಲೂಕೋಸ್ ಕುಡಿದು ಮಾಡಿಸುವುದು ಒಳ್ಳೆಯದು. ರಾತ್ರಿ ಉಪವಾಸವಿದ್ದು ಮೊದಲ ರಕ್ತ, ಆಮೇಲೆ 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕರಗಿಸಿ 5 ನಿಮಿಷದೊಳಗೆ ಕುಡಿದು, 2 ಗಂಟೆಯ ನಂತರ ಎರಡನೇ ರಕ್ತ. ನಡುವೆ ಕಾಫಿ ತಿಂಡಿ ಇಲ್ಲ, ಓಡಾಟವೂ ಇಲ್ಲ. ಎರಡನೆಯದು 140 ದಾಟಿದರೆ ಎಚ್ಚರ, 200 ಮುಟ್ಟಿದರೆ ಸಕ್ಕರೆ ಕಾಯಿಲೆ.

ಎಂಡೊಮೆಟ್ರಿಯೋಸಿಸ್ ಇದೆಯೋ ಇಲ್ಲವೋ ಎಂದು ಹೇಳುವ ರಕ್ತ ಪರೀಕ್ಷೆ ಇಲ್ಲ. ಸಿಎ-125 ಎಂಬ ರಕ್ತ ಪರೀಕ್ಷೆಯ ಅಂಕಿ ಹೆಚ್ಚಿದ್ದರೆ ಕ್ಯಾನ್ಸರ್ ಎಂದು ಹೆದರಿಸುವವರಿದ್ದಾರೆ, ಕಡಿಮೆಯಿದ್ದರೆ ಏನೂ ಇಲ್ಲ ಎನ್ನುವವರೂ ಇದ್ದಾರೆ. ಎಂಡೊಮೆಟ್ರಿಯೋಸಿಸ್‌ನಲ್ಲೂ, ಬರೀ ಮುಟ್ಟಿನ ಸಮಯದಲ್ಲೂ ಅದು ಏರಬಹುದು. ಈ ಕಾಯಿಲೆ ಗುರುತಿಸಲು ಅದನ್ನು ನೆಚ್ಚುವಂತಿಲ್ಲ.

ಥೈರಾಯ್ಡ್ ಮಾತ್ರೆ ಮತ್ತು ನಮ್ಮ ಬೆಳಗಿನ ಕಾಫಿ

ಕಾಫಿ ಬೆಳೆಯುವ ಸೀಮೆಯಲ್ಲಿ ಇದನ್ನು ಬಿಡಿಸಿ ಹೇಳಲೇಬೇಕು. ಥೈರಾಯ್ಡ್ ಕಡಿಮೆಯಿರುವವರಿಗೆ ಕೊಡುವ ಥೈರಾಕ್ಸಿನ್ ಮಾತ್ರೆ ನುಂಗಿ ಹಿಂದೆಯೇ ಒಂದು ಲೋಟ ಕಾಫಿ ಕುಡಿದರೆ ಮಾತ್ರೆ ಪೂರ್ತಿ ಹೀರಿಕೊಳ್ಳುವುದಿಲ್ಲ. ಟಿಎಸ್‌ಎಚ್ ಇಳಿಯುವುದಿಲ್ಲ, ಡಾಕ್ಟರು ಡೋಸ್ ಏರಿಸುತ್ತಾರೆ. ಮುಂದೆ ಯಾವಾಗಲೋ ಕಾಫಿ ಹೊತ್ತು ಬದಲಾದರೆ ಅದೇ ಡೋಸ್ ಅತಿಯಾಗಿ ಎದೆ ಡವಡವ ಎನ್ನುತ್ತದೆ. ಎದ್ದ ತಕ್ಷಣ ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ನುಂಗಿ, ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ. ಕಬ್ಬಿಣದ ಮತ್ತು ಕ್ಯಾಲ್ಸಿಯಂ ಮಾತ್ರೆಗೆ 4 ಗಂಟೆ ಅಂತರವಿರಲಿ. ಡೋಸ್ ಬದಲಿಸಿದ ಮೇಲೆ 6ರಿಂದ 8 ವಾರ ಕಳೆಯದೆ ಮತ್ತೆ ಟಿಎಸ್‌ಎಚ್ ಮಾಡಿಸಿ ಪ್ರಯೋಜನವಿಲ್ಲ. ಪರೀಕ್ಷೆಯ ದಿನ ರಕ್ತ ಕೊಟ್ಟ ಮೇಲೆ ಮಾತ್ರೆ ನುಂಗಿ. ಬಸಿರಾಯಿತೆಂದು ಗೊತ್ತಾದರೆ ಮಾತ್ರೆ ಬಿಡಬೇಡಿ. ಆಗ ಡೋಸ್ ಹೆಚ್ಚು ಬೇಕಾಗುವುದೇ ಜಾಸ್ತಿ.

ಸ್ಕ್ಯಾನ್

ಹೊಟ್ಟೆಯ ಮೇಲಿಂದ ಮಾಡುವ ಮಾಮೂಲಿ ಸ್ಕ್ಯಾನಿನಲ್ಲಿ ಚಾಕೊಲೇಟ್ ಸಿಸ್ಟ್ ಕಾಣಬಹುದು. ಒಳಪೊರೆಯ ಮೇಲಿನ ಸಣ್ಣ ಚುಕ್ಕೆಗಳು ಯಾವ ಸ್ಕ್ಯಾನಿನಲ್ಲೂ ಸುಲಭಕ್ಕೆ ಕಾಣುವುದಿಲ್ಲ. ಹಾಗಾಗಿ "ನಾರ್ಮಲ್" ಎಂಬ ರಿಪೋರ್ಟು ಎಂಡೊಮೆಟ್ರಿಯೋಸಿಸ್ ಇಲ್ಲ ಎಂಬ ತೀರ್ಪಲ್ಲ. ಈ ಒಂದು ಮಾತನ್ನು ಚೆನ್ನಾಗಿ ನೆನಪಿಟ್ಟುಕೊಂಡು ಡಾಕ್ಟರ ಮುಂದೆ ಕೂರಿ. ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಹೆಚ್ಚು ಸ್ಪಷ್ಟ. ನುರಿತವರು ಮಾಡಿದರೆ ಗರ್ಭಕೋಶ ಮತ್ತು ಕರುಳು ಒಂದರ ಮೇಲೊಂದು ಸಲೀಸಾಗಿ ಜಾರುತ್ತವೆಯೇ ಅಂಟಿಕೊಂಡಿವೆಯೇ ಎಂಬುದೂ ತಿಳಿಯುತ್ತದೆ. ಸ್ಕ್ಯಾನ್ ಚೀಟಿಯಲ್ಲಿ ಬರೀ "ಹೊಟ್ಟೆನೋವು" ಎಂದಿದ್ದರೆ ನೋಡುವವರು ಅಷ್ಟು ಹುಡುಕುವುದಿಲ್ಲ. "ಎಂಡೊಮೆಟ್ರಿಯೋಸಿಸ್ ಅನುಮಾನ, ಕಿಡ್ನಿಯನ್ನೂ ನೋಡಿ" ಎಂದು ಬರೆದುಕೊಡಲು ಕೇಳಿಕೊಳ್ಳಿ. ಆಳದ ಎಂಡೊಮೆಟ್ರಿಯೋಸಿಸ್ ಮೂತ್ರನಾಳವನ್ನು ಅದುಮಿ, ಒಂದಿಷ್ಟೂ ನೋವಿಲ್ಲದೆ ಕಿಡ್ನಿ ಊದಿಕೊಳ್ಳುವಂತೆ ಮಾಡಬಲ್ಲದು.

ಮದುವೆಯಾಗದ ಹುಡುಗಿಯರಿಗೆ ಒಳಗಿನ ಸ್ಕ್ಯಾನ್ ಬೇಡವೆಂದರೆ ಮೂತ್ರಚೀಲ ತುಂಬಿಸಿಕೊಂಡು ಹೊಟ್ಟೆಯ ಮೇಲಿಂದ, ಅಗತ್ಯವಿದ್ದರೆ ಎಂಆರ್‌ಐ. ಬೇಡ ಎನ್ನುವ ಹಕ್ಕು ಎಲ್ಲರಿಗೂ ಇದೆ. ಪರೀಕ್ಷೆಯ ವೇಳೆ ಜೊತೆಗೆ ಹೆಣ್ಣು ಸಿಬ್ಬಂದಿ ಇರಲಿ ಎಂದು ಕೇಳಬಹುದು.

ಮೊದಲ ಸ್ಕ್ಯಾನಿನಲ್ಲೇ "ಚಾಕೊಲೇಟ್ ಸಿಸ್ಟ್, ಆಪರೇಷನ್" ಎಂದರೆ ಸ್ವಲ್ಪ ತಾಳಿ. ಅಂಡ ಬಿಡುಗಡೆಯ ನಂತರ ರಕ್ತ ತುಂಬಿದ ಮಾಮೂಲಿ ಗುಳ್ಳೆಯೂ ಅದೇ ಥರ ಕಾಣುತ್ತದೆ. ತುರ್ತಿಲ್ಲದಿದ್ದರೆ 6ರಿಂದ 12 ವಾರದ ನಂತರ, ಮುಟ್ಟು ಮುಗಿದ ಕೂಡಲೇ ಮತ್ತೆ ನೋಡಿಸಿ. ಮಾಮೂಲಿ ಗುಳ್ಳೆ ಕರಗಿರುತ್ತದೆ, ಎಂಡೊಮೆಟ್ರಿಯೋಸಿಸ್‌ನದು ಹಾಗೇ ಇರುತ್ತದೆ.

ಹದಿಹರೆಯದ ಹುಡುಗಿಯ ರಿಪೋರ್ಟಿನಲ್ಲಿ "ಎರಡೂ ಕಡೆ ಪಿಸಿಒ", ಅಂದರೆ ಅಂಡಾಶಯದ ತುಂಬ ಸಣ್ಣ ಗುಳ್ಳೆಗಳು, ಎಂದಿದ್ದರೆ ಗಾಬರಿ ಬೇಡ. ಮೈನೆರೆದು 8 ವರ್ಷದೊಳಗೆ ಸ್ಕ್ಯಾನ್ ನೋಡಿ ಪಿಸಿಒಎಸ್ ಎನ್ನಬಾರದು ಎಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಆ ವಯಸ್ಸಿನಲ್ಲಿ ಅಂಡಾಶಯ ಹಾಗೆ ಕಾಣುವುದು ಸಹಜ. ದೊಡ್ಡವರಲ್ಲಿಯೂ ಮುಟ್ಟಿನ ಏರುಪೇರು, ಗಂಡು ಹಾರ್ಮೋನಿನ ಲಕ್ಷಣ, ಸ್ಕ್ಯಾನ್ ಅಥವಾ ಎಎಂಎಚ್, ಈ ಮೂರರಲ್ಲಿ ಎರಡಾದರೂ ಇರಬೇಕು, ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ಸರಿಯಿರಬೇಕು.

ಎಲ್ಲಿ, ಯಾರನ್ನು ನೋಡಬೇಕು

ಮೊದಲ ಬಾಗಿಲು ಸ್ತ್ರೀರೋಗ ವಿಭಾಗ. ಹಾಸನದಲ್ಲಿ ಹಿಮ್ಸ್ ಎಂಬ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಚಿಕ್ಕಮಗಳೂರಿನಲ್ಲಿ ಅಲ್ಲಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಎರಡೂ ಕಡೆ ಸ್ತ್ರೀರೋಗ, ಮೆಡಿಸಿನ್, ಸರ್ಜರಿ, ರೇಡಿಯಾಲಜಿ ಒಂದೇ ಸಂಸ್ಥೆಯಲ್ಲಿ ಸಿಗುತ್ತವೆ. ಸಾದಾ ಥೈರಾಯ್ಡ್, ಸಕ್ಕರೆ, ಪಿಸಿಒಎಸ್ ಇಲ್ಲೇ ನಿಭಾಯಿಸಬಹುದು. ಗಂಡು ಹಾರ್ಮೋನ್ ವಿಪರೀತ ಏರಿ ದನಿ ಗಡಸಾಗುವುದು, ಪ್ರೊಲ್ಯಾಕ್ಟಿನ್ ತುಂಬಾ ಹೆಚ್ಚಿರುವುದು, 40 ವರ್ಷದೊಳಗೆ ಮುಟ್ಟು ನಿಲ್ಲುವುದು, 15 ತುಂಬಿದರೂ ಮೈನೆರೆಯದಿರುವುದು, ಇವಕ್ಕೆ ಹಾರ್ಮೋನ್ ತಜ್ಞರು, ಅಂದರೆ ಎಂಡೊಕ್ರೈನಾಲಜಿಸ್ಟ್ ಬೇಕು. ಕರುಳು, ಮೂತ್ರನಾಳಕ್ಕೆ ಹಬ್ಬಿದ ಎಂಡೊಮೆಟ್ರಿಯೋಸಿಸ್‌ಗೆ ಸ್ತ್ರೀರೋಗ, ಕರುಳು ಮತ್ತು ಮೂತ್ರಾಂಗದ ಸರ್ಜನ್ನರು ಒಟ್ಟಿಗೆ ನಿಲ್ಲುವ ಆಸ್ಪತ್ರೆ ಬೇಕು. ಅಂಥವರಿಗಾಗಿ ಮೈಸೂರು, ಮಂಗಳೂರು, ಮಣಿಪಾಲ ಅಥವಾ ಬೆಂಗಳೂರಿಗೆ ಹೋಗಬೇಕಾಗಬಹುದು.

ಹೋಗುವ ಮುನ್ನ ಇಲ್ಲಿಯ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ನೆರವಿದೆ. ಆದರೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ದಾಖಲಾದರೆ ತುರ್ತು ಅಲ್ಲದ ಚಿಕಿತ್ಸೆಗೆ ಇದು ಸಿಗದೆ ಹೋಗಬಹುದು. ನಿಮಗೆ ಹೇಳಿರುವ ಆಪರೇಷನ್ ಪಟ್ಟಿಯಲ್ಲಿದೆಯೇ ಎಂದು ಆಸ್ಪತ್ರೆಯಲ್ಲಿ ಯೋಜನೆಯ ಸಹಾಯಕ್ಕಿರುವ ಆರೋಗ್ಯಮಿತ್ರರನ್ನು ದಾಖಲಾಗುವ ಮೊದಲೇ ಕೇಳಿ. ಆಧಾರ್, ರೇಷನ್ ಕಾರ್ಡು ಜೊತೆಗಿರಲಿ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸಾಮಾನ್ಯ ಸಾರಿಗೆ ಬಸ್ಸುಗಳಿಗೆ ಮಾತ್ರ, ರಾಜಹಂಸಕ್ಕಲ್ಲ. ಮಂಗಳೂರಿಗೆ ದಿನ ಗೊತ್ತುಮಾಡುವವರು ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ. ಭೂಕುಸಿತವಾದರೆ ಆಪರೇಷನ್ ದಿನವೇ ತಪ್ಪುತ್ತದೆ.

ಮಾತ್ರೆ ಶುರುವಾದ ಮೇಲೆ

ಎಂಡೊಮೆಟ್ರಿಯೋಸಿಸ್‌ಗೆ ಔಷಧ ಕೊಡಲು ಮೊದಲು ಹೊಟ್ಟೆಯೊಳಗೆ ಕ್ಯಾಮೆರಾ ಹಾಕಿ ನೋಡಲೇಬೇಕು ಎಂಬ ಹಳೆಯ ಪದ್ಧತಿ ಈಗ ಸಡಿಲಾಗಿದೆ. ಲಕ್ಷಣ ನೋಡಿಯೇ ಚಿಕಿತ್ಸೆ ಶುರುಮಾಡಬಹುದು.

ಮೆಫೆನಾಮಿಕ್ ಆಸಿಡ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ನೋವು ಹುಟ್ಟಿಸುವ ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನು ತಡೆಯುತ್ತವೆ, ತಯಾರಾಗಿಬಿಟ್ಟದ್ದನ್ನು ತೆಗೆಯುವುದಿಲ್ಲ. ಹಾಗಾಗಿ ನೋವು ನೆತ್ತಿಗೇರುವವರೆಗೆ ಹಲ್ಲು ಕಚ್ಚಿ ತಡೆದು ಆಮೇಲೆ ನುಂಗಿದರೆ ಫಲ ಕಡಿಮೆ. ಮುಟ್ಟಿನ ಸೂಚನೆ ಕಂಡಾಗಲೇ, ಊಟದ ಮೇಲೆ, ಡಾಕ್ಟರು ಹೇಳಿದ ಹೊತ್ತಿಗೆ ಎರಡು ಮೂರು ದಿನ ತಗೊಳ್ಳಿ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಉಬ್ಬಸ ಇರುವವರು, ಬಸಿರಿನ ನಿರೀಕ್ಷೆಯಲ್ಲಿರುವವರು ಮೊದಲೇ ತಿಳಿಸಬೇಕು.

ಎಂಡೊಮೆಟ್ರಿಯೋಸಿಸ್‌ಗೆ ಕೊಡುವ ಹಾರ್ಮೋನ್ ಮಾತ್ರೆ ಡೈನೊಜೆಸ್ಟ್ 2 ಮಿಲಿಗ್ರಾಂ ದಿನಕ್ಕೊಂದು, ಪ್ರತಿದಿನ ಒಂದೇ ಹೊತ್ತಿಗೆ, ನಡುವೆ ಬಿಡುವಿಲ್ಲದೆ. ಮೊದಲ ಮೂರು ತಿಂಗಳು ಆಗಾಗ ಕಲೆ ಕಲೆಯಾಗಿ ರಕ್ತ ಕಾಣುವುದು ತುಂಬಾ ಸಾಮಾನ್ಯ. ಇದಕ್ಕೇ ಹೆದರಿ ತಿಂಗಳೊಪ್ಪತ್ತಿನಲ್ಲಿ ಮಾತ್ರೆ ಬಿಟ್ಟು "ಆ ಮಾತ್ರೆ ಆಗಿಬರಲಿಲ್ಲ" ಎನ್ನುವವರೇ ಬಹಳ. ಕನಿಷ್ಠ 3 ತಿಂಗಳು ಕೊಟ್ಟು ನೋಡಿ, ನೋವಿನ ಅಂಕ ಬರೆಯುತ್ತಾ ಹೋಗಿ. ಮನಸ್ಸು ತೀರಾ ಕುಗ್ಗಿದರೆ ಮಾತ್ರ ಕಾಯದೆ ಡಾಕ್ಟರಿಗೆ ಹೇಳಿ. ಇದನ್ನು ಗರ್ಭನಿರೋಧಕ ಎಂದು ನಂಬಿಕೊಳ್ಳಬೇಡಿ. ದಿನವೂ ಮಾತ್ರೆ ನುಂಗುವುದು ಕಷ್ಟವೆಂದರೆ ಗರ್ಭಕೋಶದೊಳಗೆ ಇಡುವ ಹಾರ್ಮೋನ್ ವಂಕಿ ಇದೆ. ವರ್ಷಗಟ್ಟಲೆ ಕೆಲಸ ಮಾಡುತ್ತದೆ, ಅತಿ ರಕ್ತಸ್ರಾವವನ್ನೂ ತಗ್ಗಿಸುತ್ತದೆ. ಈ ನೋವಿಗೆ ಗರ್ಭನಿರೋಧಕ ಮಾತ್ರೆ ಬರೆಯುವುದಾದರೆ ಮೊದಲು ಬಿಪಿ ನೋಡಿಸಿಕೊಳ್ಳಿ. ಕಣ್ಣಮುಂದೆ ಮಿಂಚು ಬಂದು ಶುರುವಾಗುವ ಅರೆತಲೆನೋವು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದರೆ ಅದು ಕೂಡದು. ಈಸ್ಟ್ರೋಜನ್ ಇಳಿಸಲು ತಿಂಗಳಿಗೊಮ್ಮೆ ಕೊಡುವ ಲ್ಯೂಪ್ರೊಲೈಡ್ ಇಂಜೆಕ್ಷನ್ ಮೂಳೆ ಸವೆಸುತ್ತದೆ. ಅದನ್ನು ಹೇಳಿದರೆ ಎಷ್ಟು ತಿಂಗಳು, ಮೂಳೆ ಕಾಯಲು ಜೊತೆಗೆ ಏನು ಕೊಡುತ್ತೀರಿ ಎಂದು ಕೇಳಿ.

ಪಿಸಿಒಎಸ್ ಇದ್ದು 3 ತಿಂಗಳಾದರೂ ಮುಟ್ಟಾಗದಿದ್ದರೆ ಸುಮ್ಮನಿರಬಾರದು. ಒಳಪದರ ದಪ್ಪಗಾಗುತ್ತಾ ಹೋಗುವುದು ಮುಂದೆ ಅಪಾಯ. ಮೊದಲು ಬಸಿರಿನ ಪರೀಕ್ಷೆ, ಆಮೇಲೆ ಮುಟ್ಟು ಬರಿಸುವ ಮಾತ್ರೆ. ಸಕ್ಕರೆ ಕಾಯಿಲೆಗೂ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟರೆ 500 ಮಿಲಿಗ್ರಾಂನಿಂದ ಶುರುಮಾಡಿ ವಾರಕ್ಕಿಷ್ಟು ಏರಿಸುವುದು, ಊಟದ ಜೊತೆಗೆ ನುಂಗುವುದು. ಇಲ್ಲದಿದ್ದರೆ ಭೇದಿ, ವಾಕರಿಕೆ ಹಿಡಿಯುತ್ತದೆ. ತೂಕ ಹೆಚ್ಚಿರುವವರು ಶೇ. 5ರಷ್ಟು ಇಳಿಸಿದರೂ, ಅಂದರೆ 70 ಕಿಲೋದವರು ಮೂರೂವರೆ ಕಿಲೋ ಇಳಿಸಿದರೂ, ಮುಟ್ಟು ಹಳಿಗೆ ಬರಲು ಸಹಾಯವಾಗಬಹುದು. ಮಗು ಬೇಕಾದವರಿಗೆ ಅಂಡ ಬಿಡುಗಡೆಗೆ ಮೊದಲ ಆಯ್ಕೆ ಲೆಟ್ರೊಜೋಲ್. ಸ್ಕ್ಯಾನ್ ನಿಗಾ ಇಲ್ಲದೆ ಮೆಡಿಕಲ್ ಶಾಪಿನಿಂದ ತಂದು ನುಂಗುವಂಥದ್ದಲ್ಲ.

ಆಪರೇಷನ್ ಎಂದಾಗ

ಒಪ್ಪಿಗೆ ಕಾಗದಕ್ಕೆ ಸಹಿ ಹಾಕುವ ಮೊದಲು ಕೆಲವನ್ನು ಬಿಡದೆ ಕೇಳಬೇಕು. ಸಿಸ್ಟಿನ ನೀರು ಬರೀ ಹೀರಿ ತೆಗೆಯುತ್ತೀರೋ, ಗೋಡೆ ಸಮೇತ ಬಿಡಿಸುತ್ತೀರೋ? ಬರೀ ಹೀರಿದರೆ ಮತ್ತೆ ತುಂಬಿಕೊಳ್ಳುತ್ತದೆ. ಗೋಡೆ ಬಿಡಿಸುವಾಗ ಒಳ್ಳೆಯ ಅಂಡಗಳೂ ಸ್ವಲ್ಪ ಹೋಗುತ್ತವೆ. ಅದಕ್ಕೇ ಮಗು ಬೇಕಾದವರು, ಮುಖ್ಯವಾಗಿ ಎರಡೂ ಕಡೆ ಸಿಸ್ಟ್ ಇರುವವರು, ಆಪರೇಷನ್ನಿಗೆ ಮುಂಚೆ ಎಎಂಎಚ್ ಮಾಡಿಸಿಕೊಂಡು ಫಲವತ್ತತೆ ತಜ್ಞರ ಮಾತನ್ನೂ ಕೇಳುವುದು ಮೇಲು. ಕರುಳಿಗೆ ಅಂಟಿಕೊಂಡಿದ್ದರೆ ಯಾರು ನೋಡಿಕೊಳ್ಳುತ್ತಾರೆ? ಅದೇ ಹೊತ್ತಿನಲ್ಲಿ ಸರ್ಜನ್ ಇರುತ್ತಾರೆಯೇ, ಇಲ್ಲ ಅರ್ಧಕ್ಕೆ ಮುಚ್ಚಿ ಬೇರೆಡೆ ಕಳಿಸುತ್ತೀರಾ? ತೆಗೆದ ತುಂಡು ಬಯಾಪ್ಸಿಗೆ ಹೋಗುತ್ತದೆಯೇ? ಆಪರೇಷನ್ನಿನ ನಂತರ ಯಾವ ಮಾತ್ರೆ? ಮಗು ಸದ್ಯಕ್ಕೆ ಬೇಡದವರು ಹಾರ್ಮೋನ್ ಮಾತ್ರೆ ಮುಂದುವರಿಸದಿದ್ದರೆ ಕಾಯಿಲೆ ಮರಳುವ ಸಂಭವ ಹೆಚ್ಚು.

"ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ" ಎಂಬ ಸಲಹೆಗೆ ಅವಸರದಲ್ಲಿ ತಲೆಯಾಡಿಸಬೇಡಿ. ಕಾಯಿಲೆ ಇರುವುದು ಗರ್ಭಕೋಶದ ಹೊರಗೆ. ಹೊರಗಿನ ಗಂಟುಗಳನ್ನು ಬಿಟ್ಟು ಗರ್ಭಕೋಶ ಮಾತ್ರ ತೆಗೆದರೆ ನೋವು ಉಳಿಯಬಹುದು. ಮೂವತ್ತೈದು, ನಲವತ್ತರಲ್ಲಿ ಎರಡೂ ಅಂಡಾಶಯ ತೆಗೆಸಿದರೆ ಮೂಳೆ, ಹೃದಯ ಎರಡಕ್ಕೂ ಪೆಟ್ಟು, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಚಿಕಿತ್ಸೆ ಬೇಕಾಗುತ್ತದೆ. ಗರ್ಭಕೋಶದ ಗೋಡೆಯೊಳಗೇ ಹಬ್ಬುವ ಅಡಿನೊಮಯೋಸಿಸ್ ಇದ್ದು, ಔಷಧಕ್ಕೆ ಬಗ್ಗದಿದ್ದಾಗ ಈ ಆಪರೇಷನ್ನಿಗೆ ಅರ್ಥವಿದೆ. ಅನುಮಾನವಿದ್ದರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ತಗೊಳ್ಳಿ. ಇದರಿಂದ ಯಾರಿಗೂ ಅವಮಾನವಿಲ್ಲ.

ಕಾಯಬಾರದ ಹೊತ್ತುಗಳಿವೆ. ಒಂದು ಬದಿಗೆ ಹಠಾತ್ತನೆ ಕಿತ್ತುಬರುವ ನೋವು ಮತ್ತು ವಾಂತಿಯಿದ್ದರೆ ಅಂಡಾಶಯ ತಿರುಚಿಕೊಂಡಿರಬಹುದು. ಮುಟ್ಟು ತಪ್ಪಿದೆ, ನೋವಿದೆ, ತಲೆಸುತ್ತಿದೆ ಎಂದರೆ ನಾಳದಲ್ಲಿ ಬಸಿರು ನಿಂತಿರಬಹುದು. ಸಿಸ್ಟ್ ಇರುವವರಿಗೆ ಚಳಿಜ್ವರದೊಂದಿಗೆ ಹೊಟ್ಟೆನೋವು, ಗಂಟೆಗೊಂದು ಪ್ಯಾಡ್ ತೋಯುವ ರಕ್ತಸ್ರಾವ, ಇವೂ ಹಾಗೆಯೇ. ಓಪಿಡಿ ದಿನ ನೋಡದೆ 108ಕ್ಕೆ ಕರೆ ಮಾಡಿ ತುರ್ತು ವಿಭಾಗಕ್ಕೇ ಹೋಗಿ.

ಡಿಸ್ಚಾರ್ಜ್ ಆಗುವಾಗ ಆಪರೇಷನ್ ಟಿಪ್ಪಣಿಯ ನಕಲು, ಒಳಗಿನ ಫೋಟೋ ಅಥವಾ ವಿಡಿಯೋ ಇದ್ದರೆ ಅದು, ಎರಡು ವಾರದೊಳಗೆ ಹೋಗಿ ಬಯಾಪ್ಸಿ ರಿಪೋರ್ಟು, ಇವನ್ನೆಲ್ಲ ತಾರೀಖಿನ ಪ್ರಕಾರ ಒಂದೇ ಫೈಲಿಗೆ ಹಾಕಿ ಮೊಬೈಲಿನಲ್ಲೂ ಫೋಟೋ ತೆಗೆದಿಡಿ. ಮಲೆನಾಡಿನ ಮಳೆಗೆ ಕಾಗದ ಬೂಸಲು ಹಿಡಿಯುವುದರಿಂದ ಫೈಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಡಿ. ಸ್ಕ್ಯಾನ್ ಸೆಂಟರಿನ ಉಷ್ಣ ಕಾಗದದ ಚಿತ್ರಗಳು ವರ್ಷ ಕಳೆದರೆ ಮಾಸಿಹೋಗುತ್ತವೆ, ಅವುಗಳ ಫೋಟೋ ಅದೇ ದಿನ ತೆಗೆಯಿರಿ.